ಆಮೆ ಬ್ಯಾಚಿನ ಕೋಟು

ಮಿಸೆಸ್ ಪ್ಲಂಕೆಟ್ ತೀರಿಹೋದ ಗಂಡನ ಕೋಟನ್ನು ಆ ಶನಿವಾರ ಬೆಳಿಗ್ಗೆ ಅಂಗಳಕ್ಕೆ ತಂದು ಮಾರಾಟಕ್ಕೆ ಹರವದೇ ಇದ್ದಿದ್ದರೆ ಈ ಕತೆ ಹುಟ್ಟುತ್ತಲೇ ಇರಲಿಲ್ಲ. ಹಾಗೆ ನೋಡಿದರೆ ತಪ್ಪು ಕೋಟಿನದಲ್ಲ. ಕಿತ್ತಳೆ ಮತ್ತು ಹಸಿರು ಪಟ್ಟೆಗಳ, ಜೇಬಿನ ಮೇಲೆ ಒಂದು ಆಮೆಯ ಕಸೂತಿ ಇದ್ದ ಆ ಕೋಟು, ಒಡೆದ ಲಾಂದ್ರಕ್ಕೂ ಹಳೆಯ ಟೋಸ್ಟರಿಗೂ ನಡುವೆ ತನ್ನ ಪಾಡಿಗೆ ತಾನು ಬಿದ್ದಿತ್ತು. ತಪ್ಪೆಲ್ಲ ಎದುರು ಮನೆಯ ಸ್ಟ್ಯಾನ್ ಬುಡ್ನಿಕ್‌ನ ಹೊಟ್ಟೆಯದು. ಅಲ್ಲಿ ವರ್ಷಗಳಿಂದ ಒಂದು ಕಿಚ್ಚು ಆರದೆ ಉರಿಯುತ್ತಿತ್ತು. ಅದಕ್ಕೆ ತಪ್ಪದೆ ಸೌದೆ ಒಟ್ಟುತ್ತಿದ್ದವನು ಸ್ಟ್ಯಾನನ ಪಕ್ಕದ ಮನೆಯ ಹಾಲ್ಸಿ ಬ್ರಾಡ್‌ವೆಲ್.

ಹಾಲ್ಸಿಯ ಪೂರ್ತಿ ಹೆಸರು ಹಾಲ್ಸಿ ಬ್ರಾಡ್‌ವೆಲ್ ಮೂರನೆಯವ. ಅಪ್ಪ ಎರಡನೆಯವ, ತಾತ ಮೊದಲನೆಯವ, ಮಗ ನಾಲ್ಕನೆಯವ. ಆ ಮನೆತನಕ್ಕೆ ಎಲ್ಲದರಲ್ಲೂ ಸಮೃದ್ಧಿ, ಹೆಸರಿಗೆ ಮಾತ್ರ ಬರ. ನಾಲ್ವರಲ್ಲಿ ಮೂವರು ಥಾರ್ನ್‌ಕ್ಲಿಫ್ ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿದವರು. ನಾಲ್ಕನೆಯವ ಮುಂದಿನ ವರ್ಷ ಹತ್ತುವವನಿದ್ದ. ಈ ನಾಲ್ಕನೆಯವ ಎಂಥ ಜಾಣನೆಂದರೆ, ಬಾವಲಿ ಎಷ್ಟು ಮೊಟ್ಟೆ ಇಡುತ್ತದೆ ಎಂದು ಬೇಲಿಯಾಚೆಯಿಂದ ಸ್ಟ್ಯಾನನ ಮಗಳು ನೀನಾಳನ್ನು ಕೇಳಿದ್ದ. ಒಂದೂ ಇಡುವುದಿಲ್ಲ ಎಂದು ಅವಳು ಹೇಳಿದಾಗ, "ಪಾಪ, ಕಾಯಿಲೇನಾ?" ಎಂದಿದ್ದ.

ನೀನಾಳಿಗೆ ಬಾವಲಿ ಎಂದರೆ ಪ್ರಾಣ. ಸಂಜೆಯಾದರೆ ಸಾಕು, ಗ್ಯಾರೇಜಿನ ಮಾಡು ಹತ್ತಿ ಕೂತು ಬಾವಲಿಗಳನ್ನು ಎಣಿಸುತ್ತಿದ್ದಳು. ಥಾರ್ನ್‌ಕ್ಲಿಫ್‌ನಲ್ಲಿ ಬಾವಲಿಗಳ ಮೇಲೆ ಕೆಲಸ ಮಾಡುವ ಪ್ರೊಫೆಸರರೊಬ್ಬರಿದ್ದರು. ಅವರ ಕೈಕೆಳಗೆ ಓದಬೇಕು ಎಂಬುದೊಂದೇ ಅವಳ ಆಸೆ. ಅಂಕಗಳೆಲ್ಲ ಮೇಲಿನವೇ. ಆದರೆ ಸ್ಟ್ಯಾನ್ ಹಾಸಿಗೆ ಅಂಗಡಿ ನಡೆಸುತ್ತಿದ್ದವನು, ಹೆಂಡತಿ ಕೋರಾ ಕೂದಲು ಕತ್ತರಿಸುತ್ತಿದ್ದವಳು. ಎರಡೂ ಕಡೆ ಹಿಂದಕ್ಕೆ ಎಷ್ಟು ದೂರ ಹೋದರೂ ಕಾಲೇಜು ಮುಗಿಸಿದ ಪ್ರಾಣಿ ಸಿಗುತ್ತಿರಲಿಲ್ಲ.

"ಅಪ್ಪ ಓದಿದ ಕಾಲೇಜಲ್ಲಿ ಮಗನಿಗೆ ಮೊದಲ ಮಣೆಯಂತೆ! ನಮ್ಮಜ್ಜ ನೂಲಿನ ಗಿರಣಿಯಲ್ಲಿ ಬೆರಳು ಕಳಕೊಂಡ. ನನಗೇನು ಗಿರಣಿ ಬರೆದುಕೊಟ್ರಾ?" ಎಂದು ಸ್ಟ್ಯಾನ್ ದಿನಕ್ಕೊಮ್ಮೆ ಕೂಗಾಡುತ್ತಿದ್ದ.

"ಬೆರಳೂ ವಾಪಸ್ ಕೊಡಲಿಲ್ಲ. ಈಗ ಕಾಫಿ ಕುಡಿ," ಎನ್ನುತ್ತಿದ್ದಳು ಕೋರಾ.

ಆ ಶನಿವಾರ ಹಾಲ್ಸಿ ಕಾರು ಒರೆಸುತ್ತಿದ್ದ. ಮೈಮೇಲೆ ಕಿತ್ತಳೆ ಮತ್ತು ಹಸಿರು ಚೌಕಗಳ ಕೋಟು, ಜೇಬಿನ ಮೇಲೆ ಹುಂಜದ ಕಸೂತಿ. ಅವನು ಒರೆಸುತ್ತಿದ್ದುದು ಕಾರಿನ ಹಿಂದಿನ ಗಾಜನ್ನು ಮಾತ್ರ. ಅಲ್ಲಿ ಥಾರ್ನ್‌ಕ್ಲಿಫ್ ಎಂಬ ಹೆಸರು ಅಂಟಿಸಿತ್ತು.

"ಇವತ್ತು ಹಳೇ ವಿದ್ಯಾರ್ಥಿಗಳ ಮೇಳ ಕಣಯ್ಯ," ಎಂದ ಹಾಲ್ಸಿ, ಬೇಲಿಯ ಈಚೆ ನಿಂತಿದ್ದ ಸ್ಟ್ಯಾನ್ ಕೇಳದಿದ್ದರೂ. "ಮೆರವಣಿಗೆ ಮುಗಿದ ಮೇಲೆ ನಮ್ಮ ಮಕ್ಕಳಿಗೇ ಅಂತ ಒಂದು ಡೇರೆ. ಡೀನಮ್ಮ ಖುದ್ದಾಗಿ ನಿಂಬೆ ಶರಬತ್ತು ಬಗ್ಗಿಸಿ ಕೊಡ್ತಾಳೆ."

"ಪ್ರವೇಶ ಕೊಡೋ ಡೀನಾ?"

"ಮತ್ತಿನ್ಯಾರು? ಆ ಶರಬತ್ತು ಕುಡಿದವರು ಹೊರಗುಳಿದದ್ದನ್ನ ನಾನಂತೂ ನೋಡಿಲ್ಲ."

"ನಮ್ಮ ನೀನಾನೂ ಈ ಸಲ ಅರ್ಜಿ ಹಾಕ್ತಾಳೆ."

"ಹಾಕಲಿ, ಹಾಕಲಿ," ಎಂದು ಹಾಲ್ಸಿ ಧಾರಾಳವಾಗಿ ನಕ್ಕ. "ಅರ್ಜಿ ಹಾಕೋದಕ್ಕೆ ಯಾರೂ ಬೇಡ ಅನ್ನಲ್ಲ."

ಅವನ ಹೆಂಡತಿ ಬಿಟ್ಸಿ ಕಾರಿನೊಳಗಿಂದಲೇ ಕತ್ತು ಹೊರಹಾಕಿ, "ಥಾರ್ನ್‌ಕ್ಲಿಫ್‌ನಲ್ಲಿ ಕಳೆದ ಆ ಒಂದೂವರೆ ವರ್ಷಾನೇ ನಮ್ಮ ಹಾಲ್ಸಿ ಜೀವನದ ಸುವರ್ಣಕಾಲ ನೋಡು ಸ್ಟ್ಯಾನ್," ಎಂದಳು. ಹಾಲ್ಸಿ ಜೋರಾಗಿ ಕೆಮ್ಮಿ, ಹೊತ್ತಾಯಿತು ಎಂದು ಕಾರು ಹತ್ತಿ ಹೊರಟೇಬಿಟ್ಟ. ನಾಲ್ಕು ವರ್ಷದ ಓದಿನಲ್ಲಿ ಉಳಿದ ಎರಡೂವರೆ ವರ್ಷ ಕುಡಿದ ಮತ್ತಿನಲ್ಲಿ ನೆನಪಿಲ್ಲವೇನೋ ಎಂದುಕೊಂಡ ಸ್ಟ್ಯಾನ್. ಅವನಿಗೆ ಆ ಹೊತ್ತಿನಲ್ಲಿ ಲೆಕ್ಕ ಹಾಕುವ ತಾಳ್ಮೆ ಇರಲಿಲ್ಲ. ಹೊಟ್ಟೆಯೊಳಗೆ ನಿಂಬೆ ಶರಬತ್ತು ಕುದಿಯುತ್ತಿತ್ತು.

ಆಗಲೇ ಅವನ ಕಣ್ಣಿಗೆ ಎದುರಿನ ಅಂಗಳದಲ್ಲಿದ್ದ ಕೋಟು ಬಿದ್ದದ್ದು.

ಮಿಸೆಸ್ ಪ್ಲಂಕೆಟ್‌ಗೆ ಬೀದಿಯ ಎಲ್ಲರ ಮನೆಯ ಸುದ್ದಿಯೂ ಗೊತ್ತು, ಕೆಲವು ಸಲ ಆ ಮನೆಯವರಿಗಿಂತ ಮೊದಲೇ ಗೊತ್ತು. ಸ್ಟ್ಯಾನ್ ಕೋಟಿನ ತೋಳು ಮುಟ್ಟಿದ್ದೇ ತಡ, "ತಗೊಂಡ್ಹೋಗಿ ಸ್ಟ್ಯಾನ್, ದುಡ್ಡು ಬೇಡ. ನುಸಿಗೆ ಊಟ ಆಗೋದರ ಬದಲು ನಿಮ್ಮ ಮಗಳಿಗೆ ಉಪಯೋಗ ಆಗಲಿ," ಎಂದಳು.

"ಮಗಳಿಗೆ ಅಂತ ನಾನೆಲ್ಲಿ ಹೇಳಿದೆ?"

"ನಿಮ್ಮ ಮುಖ ಹೇಳ್ತಾ ಇದೆಯಲ್ಲ. ಈ ಕೋಟು ಹಾಕ್ಕೊಂಡ್ರೆ ಅಲ್ಲಿ ಯಾರೂ ಏನೂ ಕೇಳಲ್ಲ. ನಮ್ಮ ಯಜಮಾನ್ರು ಡಿಕ್ ಒಂದು ಸಲ ಇದನ್ನ ನಾಯಿಗೆ ಹಾಕಿ ಕರಕೊಂಡು ಹೋಗಿದ್ರು. ಅದಕ್ಕೂ ಕುರ್ಚಿ ಕೊಟ್ರು."

"ಯಾವ ವರ್ಷದ್ದು ಇದು?"

"ವರ್ಷ ಬರೆದಿರಲ್ಲ. ಒಂದೊಂದು ಬ್ಯಾಚಿಗೆ ಒಂದೊಂದು ಪ್ರಾಣಿ. ಗೊತ್ತಿರೋರಿಗೆ ಗೊತ್ತಿರುತ್ತೆ."

"ಗೊತ್ತಿಲ್ಲದೋರಿಗೆ?"

"ಗೊತ್ತಿಲ್ಲದೋರು ಅಲ್ಲಿಗೆ ಹೋಗಲ್ವಲ್ಲ," ಎಂದು ಮಿಸೆಸ್ ಪ್ಲಂಕೆಟ್ ಮುಗ್ಧವಾಗಿ ಹೇಳಿ ಟೋಸ್ಟರ್ ಕೊಳ್ಳಲು ಬಂದವರ ಕಡೆ ತಿರುಗಿದಳು.

ಅಂದು ಬಾವಲಿ ಪ್ರೊಫೆಸರರ ಭಾಷಣವೂ ಇತ್ತು, ಅದಕ್ಕೆ ಊರಿನ ಯಾರು ಬೇಕಾದರೂ ಹೋಗಬಹುದಿತ್ತು. ಮಗಳನ್ನು ಅಲ್ಲಿ ಬಿಟ್ಟು ಬರುತ್ತೇನೆ ಎಂದು ಕೋರಾಳಿಗೆ ಹೇಳಿ ಸ್ಟ್ಯಾನ್ ಹೊರಟ. ಥಾರ್ನ್‌ಕ್ಲಿಫ್‌ನ ಹುಲ್ಲುಗಾವಲಿನಲ್ಲಿ ಕಾರು ನಿಲ್ಲಿಸಿ, ಡಿಕ್ಕಿ ತೆಗೆದು ಕೋಟು ತೊಟ್ಟಾಗ ನೀನಾ ಕಣ್ಣರಳಿಸಿ ನಿಂತಳು.

"ಅಪ್ಪ, ಇದೇನಿದು?"

"ಕೋಟು."

"ನೀನು ಇಲ್ಲಿ ಓದಿಲ್ಲ."

"ಓದಿದ್ದೀನಿ ಅಂತ ನಾನೂ ಹೇಳಿಲ್ಲ. ಕೋಟು ಹಾಕ್ಕೊಂಡಿದ್ದೀನಿ ಅಷ್ಟೆ. ಚಳಿ."

ಜೂನ್ ತಿಂಗಳ ಬಿಸಿಲಿಗೆ ಅವನ ಬೋಳುತಲೆ ಹೊಳೆಯುತ್ತಿತ್ತು. "ನನಗೆ ಯಾರ ಶಿಫಾರಸೂ ಬೇಡ ಅಪ್ಪ. ಸಿಕ್ಕರೆ ನನ್ನಿಂದಲೇ ಸಿಗಬೇಕು," ಎಂದು ನೀನಾ ಮುಖ ಗಂಟು ಹಾಕಿಕೊಂಡು ಭಾಷಣದ ಕಡೆ ನಡೆದಳು. ನಿನ್ನಿಂದಲೇ ಸಿಗುವ ಲೋಕ ಇದಾಗಿದ್ದರೆ ಆ ನಾಲ್ಕನೆಯವ ಯಾಕಮ್ಮ ಅಷ್ಟು ನೆಮ್ಮದಿಯಾಗಿ ನಿದ್ದೆ ಹೊಡೆಯುತ್ತಿದ್ದ ಎಂದು ಸ್ಟ್ಯಾನ್ ಮನಸ್ಸಿನಲ್ಲೇ ಅಂದುಕೊಂಡ.

ಅವನ ಯೋಜನೆ ಸರಳವಾಗಿತ್ತು. ಗುಂಪಿನ ನಡುವೆ ಸದ್ದಿಲ್ಲದೆ ನುಸುಳಿ ಡೇರೆ ಸೇರುವುದು, ಭಾಷಣ ಮುಗಿದ ಮೇಲೆ ಮಗಳನ್ನು ಕರೆಸಿ ಒಂದು ಲೋಟ ಶರಬತ್ತು ಕುಡಿಸುವುದು, ಹಾವೂ ಸಾಯದಂತೆ ಕೋಲೂ ಮುರಿಯದಂತೆ ಮನೆಗೆ ಬರುವುದು. ಆದರೆ ಹತ್ತು ಹೆಜ್ಜೆ ಹಾಕುವುದರೊಳಗೆ ಹಿಂದಿನಿಂದ ಒಂದು ಊರುಗೋಲು ಅವನ ಕತ್ತಿಗೆ ಕೊಕ್ಕೆಯಂತೆ ಬಿತ್ತು.

"ಆಮೆ! ಇಲ್ಲೊಂದು ಆಮೆ ತಪ್ಪಿಸಿಕೊಂಡಿದೆ ಕಣ್ರೋ!"

ಊರುಗೋಲಿನ ಇನ್ನೊಂದು ತುದಿಯಲ್ಲಿದ್ದವನ ಹೆಸರು ಬಝ್. ಕಿವಿಯಲ್ಲಿ ಯಂತ್ರ, ಬಾಯಲ್ಲಿ ಕಟ್ಟಿಸಿದ ಹಲ್ಲು, ಮೈಮೇಲೆ ಥೇಟು ಅದೇ ಆಮೆ ಕೋಟು. ಅವನ ಹಿಂದೆ ಇನ್ನೂ ಹತ್ತಾರು ಆಮೆಗಳು. ಎಲ್ಲರೂ ಎಪ್ಪತ್ತು ದಾಟಿದವರು. ಸ್ಟ್ಯಾನನಿಗೆ ಇನ್ನೂ ಐವತ್ತಾರು. ಸಿಕ್ಕಿಬಿದ್ದೆ ಎಂದುಕೊಂಡ. ಇಷ್ಟು ಚಿಕ್ಕವನು ನಮ್ಮ ಬ್ಯಾಚಿನವನು ಹೇಗಾದೀಯ ಎಂದು ಯಾರಾದರೂ ಕೇಳುತ್ತಾರೆಂದು ಕಾದ.

ಯಾರೂ ಕೇಳಲಿಲ್ಲ. ಎಲ್ಲರೂ ಅವನ ಬೋಳುತಲೆಯನ್ನೂ, ಹಾಸಿಗೆ ಹೊತ್ತು ಹೊತ್ತು ಬಾಗಿದ ಬೆನ್ನನ್ನೂ ನೋಡಿ, ನಮ್ಮವನೇ ಎಂದು ತಲೆದೂಗಿದರು. ಒಬ್ಬ ಮುದುಕ ಕರುಣೆಯಿಂದ ತನ್ನ ಕುರ್ಚಿಯನ್ನೇ ಬಿಟ್ಟುಕೊಟ್ಟ. ಸಿಕ್ಕಿಬೀಳದಿದ್ದ ಸಂತೋಷಕ್ಕಿಂತ ಈ ಕುರ್ಚಿಯ ನೋವು ಸ್ಟ್ಯಾನನಿಗೆ ಹೆಚ್ಚಾಯಿತು.

"ಹೆಸರು ನಾಲಿಗೆ ತುದೀಲಿದೆ ಕಣೋ," ಎಂದ ಬಝ್.

"ಬುಡ್ನಿಕ್," ಎಂದ ಸ್ಟ್ಯಾನ್. ಸುಳ್ಳು ಹೆಸರು ಹುಡುಕುವಷ್ಟು ಸಮಯವಿರಲಿಲ್ಲ.

ಆಮೆಗಳೆಲ್ಲ ತಲೆ ಕೆರೆದುಕೊಂಡವು. ಯಾರಿಗೂ ಬುಡ್ನಿಕ್ ನೆನಪಿರಲಿಲ್ಲ, ಇರಲು ಸಾಧ್ಯವೂ ಇರಲಿಲ್ಲ. ಆದರೆ ಎಪ್ಪತ್ತು ದಾಟಿದವರು ಹತ್ತು ಜನರ ಮುಂದೆ ಮರೆತೆ ಎಂದು ಒಪ್ಪಿಕೊಳ್ಳುವುದು ಸುಲಭವೇ? ಇವತ್ತು ಬುಡ್ನಿಕ್‌ನನ್ನು ಮರೆತವನು ನಾಳೆ ಮನೆ ದಾರಿ ಮರೆತಾನು ಎಂದು ಹೆಂಡತಿ, ಮಕ್ಕಳು, ಡಾಕ್ಟರು ಎಲ್ಲ ಒಟ್ಟಾಗಿ ಬೆನ್ನು ಹತ್ತುತ್ತಾರೆ.

"ಬುಡ್ನಿಕ್!" ಎಂದು ಬಝ್ ತೊಡೆ ತಟ್ಟಿದ. "ಗ್ರಂಥಾಲಯಕ್ಕೆ ಹಸು ಹತ್ತಿಸಿದವನು!"

"ಮೂರನೇ ಮಹಡಿಗೆ!" ಎಂದ ಇನ್ನೊಬ್ಬ. ಅವನು ಹಿಂದುಳಿಯುವವನಲ್ಲ.

"ಹಸು ಹತ್ತಿತು, ಇಳೀಲಿಲ್ಲ. ನಾನೇ ಬಾಲ ಹಿಡಿದಿದ್ದೆ," ಎಂದ ಮತ್ತೊಬ್ಬ.

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ. ಇಲ್ಲಿ ಎತ್ತೂ ಇರಲಿಲ್ಲ, ಕೊಟ್ಟಿಗೆಯೂ ಇರಲಿಲ್ಲ, ಕಟ್ಟುವವರು ಮಾತ್ರ ಒಬ್ಬರ ಮೇಲೊಬ್ಬರು ಬಿದ್ದರು. ಮೆರವಣಿಗೆ ಮೈದಾನವನ್ನು ಒಂದು ಸುತ್ತು ಬರುವುದರೊಳಗೆ ಸ್ಟ್ಯಾನನಿಗೆ ಒಂದು ಇಡೀ ಯೌವನ ತಯಾರಾಗಿತ್ತು. ಅವನು ದೋಣಿ ಪಂದ್ಯದಲ್ಲಿ ತೋಳು ಮುರಿದುಕೊಂಡಿದ್ದ. ಗಣಿತದ ಮೇಷ್ಟರ ಕನ್ನಡಕಕ್ಕೆ ಬೆಣ್ಣೆ ಸವರಿದ್ದ. ಲುಸಿಲ್ ಎಂಬ ಹುಡುಗಿಗೆ ಕೈಕೊಟ್ಟಿದ್ದ. ಚಿಪ್ ಎಂಬ ಮುದುಕ ಮಾತ್ರ ಈ ಲುಸಿಲ್ ವಿಷಯ ಬಂದಾಗ ನಗದೆ ದುರುಗುಟ್ಟಿಕೊಂಡು ನೋಡಿ, "ಅವಳು ಮೂರು ದಿನ ಅತ್ತಳು ಕಣೋ. ನಾನೇ ಸಮಾಧಾನ ಮಾಡಿ ಕೊನೆಗೆ ಮದುವೆಯಾದೆ. ಐವತ್ತು ವರ್ಷದಿಂದ ಅನುಭವಿಸ್ತಾ ಇದ್ದೀನಿ," ಎಂದು ಊರುಗೋಲು ಎತ್ತಿದ. ಇಬ್ಬರು ಹಿಡಿದುಕೊಂಡದ್ದರಿಂದ ಸ್ಟ್ಯಾನನ ತಲೆ ಉಳಿಯಿತು.

ಎಲ್ಲರೂ ಹಾಡಿದಾಗ ಸ್ಟ್ಯಾನನೂ ಬಾಯಿ ಆಡಿಸಿದ. ವಿಚಿತ್ರವೆಂದರೆ, ಗಡಿಯಾರದ ಗೋಪುರದ ಗಂಟೆ ಬಾರಿಸಿದಾಗ ಅವನ ಕಣ್ಣು ನಿಜವಾಗಿಯೂ ಒದ್ದೆಯಾಯಿತು. ಹಸು ಹತ್ತಿಸಿದ ಆ ಪುಂಡ ಬುಡ್ನಿಕ್‌ನ ಮೇಲೆ ಅವನಿಗೆ ಅಸೂಯೆಯೇ ಹುಟ್ಟಿತು. ಎಂಥ ದಿನಗಳು! ತಾನು ಆ ವಯಸ್ಸಿನಲ್ಲಿ ಗೋದಾಮಿನಲ್ಲಿ ಹಾಸಿಗೆ ಹೊರುತ್ತಿದ್ದ.

ಡೇರೆಯ ಬಾಗಿಲಲ್ಲಿ ಹುಂಜಗಳ ಬ್ಯಾಚು ಎದುರಾಯಿತು. ಮುಂದೆ ಹಾಲ್ಸಿ, ಪಕ್ಕದಲ್ಲಿ ಬಾಯಿ ತೆರೆದುಕೊಂಡು ನಾಲ್ಕನೆಯವ.

"ಸ್ಟ್ಯಾನ್?" ಎಂದ ಹಾಲ್ಸಿ. ಮುಖ ಬೇಯಿಸಿದ ಸೀಗಡಿಯಂತಾಯಿತು. "ಹಾಸಿಗೆ ಅಂಗಡಿ ಸ್ಟ್ಯಾನ್? ನೀನ್ಯಾವಾಗಯ್ಯ ಇಲ್ಲಿ ಓದಿದ್ದು?"

ಸ್ಟ್ಯಾನ್ ಬಾಯಿ ತೆರೆಯುವ ಮೊದಲೇ ಬಝ್‌ನ ಊರುಗೋಲು ಹಾಲ್ಸಿಯ ಎದೆಯ ಹುಂಜಕ್ಕೆ ತಾಗಿತು. ಥಾರ್ನ್‌ಕ್ಲಿಫ್‌ನಲ್ಲಿ ಹಿರಿಯ ಬ್ಯಾಚು ಎದುರಾದರೆ ಕಿರಿಯ ಬ್ಯಾಚು ಟೋಪಿ ತೆಗೆದು ದಾರಿ ಬಿಡಬೇಕು. ಅದು ಅಲ್ಲಿನ ಕಟ್ಟಳೆ, ಸಂವಿಧಾನಕ್ಕಿಂತ ಒಂದು ಗುಲಗಂಜಿ ಹೆಚ್ಚಿನದು.

"ಏಯ್ ಹುಂಜ! ಯಾರ ಹತ್ರ ಏಕವಚನ? ನೀನು ತೊಟ್ಟಿಲಲ್ಲಿದ್ದಾಗ ಈ ಮನುಷ್ಯ ಮೂರನೇ ಮಹಡಿಗೆ ಹಸು ಹತ್ತಿಸಿದ್ದ. ಟೋಪಿ ತೆಗಿ!"

"ಆದರೆ ಸಾರ್, ಇವನು ನನಗಿಂತ ಚಿಕ್ಕ..."

"ಟೋಪಿ!"

ಹಾಲ್ಸಿ ಟೋಪಿ ತೆಗೆದ. ನಾಲ್ಕನೆಯವನೂ ಟೋಪಿ ತೆಗೆದು, ಸುಮ್ಮನಿರಲಾರದೆ ಬಗ್ಗಿ ನಮಸ್ಕಾರವನ್ನೂ ಮಾಡಿದ. "ಹೋಗು, ನಮ್ಮ ಬುಡ್ನಿಕ್‌ಗೆ ಒಂದು ಲೋಟ ಶರಬತ್ತು ತಗೊಂಡು ಬಾ. ಐಸ್ ಜಾಸ್ತಿ," ಎಂದ ಬಝ್. ಹಾಲ್ಸಿ ಬ್ರಾಡ್‌ವೆಲ್ ಮೂರನೆಯವ ಸಾಲಿನಲ್ಲಿ ನಿಂತು ಶರಬತ್ತು ತಂದುಕೊಟ್ಟ. ಆ ಲೋಟದಲ್ಲಿದ್ದದ್ದು ಬರೀ ನಿಂಬೆ ನೀರು, ಸಕ್ಕರೆ ಕಮ್ಮಿ. ಆದರೆ ಸ್ಟ್ಯಾನನಿಗೆ ಅಷ್ಟು ಸಿಹಿಯಾದದ್ದನ್ನು ಹುಟ್ಟಿದಾಗಿನಿಂದ ಕುಡಿದ ನೆನಪಿರಲಿಲ್ಲ.

ಅಲ್ಲಿಗೆ ನಿಲ್ಲಿಸಿದ್ದರೆ ಬದುಕುತ್ತಿದ್ದ. ಆದರೆ ಅಷ್ಟರಲ್ಲಿ ಭಾಷಣ ಮುಗಿಸಿದ ನೀನಾ ಕಾರಿನ ಕೀಲಿ ಕೇಳಲು ಅಪ್ಪನನ್ನು ಹುಡುಕುತ್ತ ಬಂದಳು. ಅದೇ ಹೊತ್ತಿಗೆ ಡೀನ್ ಮಿಸ್ ಹಾರ್‌ಗ್ರೋವ್ ಕೂಡ ಶರಬತ್ತಿನ ಹೂಜಿ ಹಿಡಿದು ಆಮೆಗಳ ಹತ್ತಿರ ಬಂದಳು.

"ಬುಡ್ನಿಕ್‌ನ ಮಗಳು!" ಎಂದು ಆಮೆಗಳು ಒಕ್ಕೊರಲಿನಲ್ಲಿ ಘೋಷಿಸಿದವು. "ಈ ವಯಸ್ಸಲ್ಲಿ! ಭಲೇ ಬುಡ್ನಿಕ್!"

"ನಿಮ್ಮ ಮಗಳಾ?" ಎಂದು ಡೀನ್ ನಗುತ್ತ ಕೇಳಿದಳು. "ಅಪ್ಪ ಓದಿದ ಜಾಗದಲ್ಲೇ ಓದೋ ಆಸೇನಾ?"

ನೀನಾ ಅಪ್ಪನ ಮುಖ ನೋಡಿದಳು. ಅಪ್ಪನ ಮುಖದಲ್ಲಿ ಅವಳಿಗೆ ಮೂರು ವರ್ಷದ ಮಗುವಾಗಿದ್ದಾಗಿನಿಂದ ಗೊತ್ತಿದ್ದ ಒಂದು ದೈನ್ಯವಿತ್ತು, ಅಂಗಡಿಗೆ ಗಿರಾಕಿ ಬಂದು ಕೊಳ್ಳದೆ ಎದ್ದುಹೋದಾಗಿನದು. ಹತ್ತು ಜನರ ಮುಂದೆ ಅವನನ್ನು ಸುಳ್ಳುಗಾರನೆಂದು ನಿಲ್ಲಿಸಲು ಅವಳಿಗೆ ಬಾಯಿ ಬರಲಿಲ್ಲ. "ನನಗೆ ಬಾವಲಿ ಓದಬೇಕು ಮೇಡಂ," ಎಂದಷ್ಟೇ ಹೇಳಿದಳು.

"ಅಯ್ಯೋ, ಬಾವಲಿನಾ? ನಮ್ಮ ಗೋಪುರದ ತುಂಬ ಅವೇ. ಗಂಟೆಯಿಂದ ಓಡಿಹೋಗ್ತವೆ ಅಂದ್ರು, ಜಗ್ಗಲೇ ಇಲ್ಲ."

"ಅವಕ್ಕೆ ಈಗ ಮರಿ ಇರುತ್ತೆ ಮೇಡಂ. ಹಾರಕ್ಕೆ ಕಲಿಯೋವರೆಗೂ ತಾಯಿ ಎಲ್ಲೂ ಹೋಗಲ್ಲ. ಆಗಸ್ಟ್ ಕಳೀಲಿ, ತಾವೇ ಹೋಗ್ತವೆ."

ಇಬ್ಬರೂ ಗೋಪುರದ ಕಡೆ ಕೈತೋರಿಸುತ್ತ ಮಾತಿಗೆ ನಿಂತುಬಿಟ್ಟರು. ಹೂಜಿಯ ಐಸು ಕರಗಿತು. ಪಕ್ಕದಲ್ಲಿ ಖಾಲಿ ಲೋಟ ಹಿಡಿದು ನಾಲ್ಕನೆಯವ ಕಾಯುತ್ತಲೇ ಇದ್ದ. ಕೊನೆಗೆ ಡೀನ್, "ನೀನಾ ಬುಡ್ನಿಕ್. ಈ ಹೆಸರು ನಾನು ಮರೆಯಲ್ಲ," ಎಂದು ವೇದಿಕೆಯ ಕಡೆ ನಡೆದಳು. ಸ್ಟ್ಯಾನ್ ಹಾಲ್ಸಿಯತ್ತ ತಿರುಗಿ ನೋಡಿದ. ಹಾಲ್ಸಿಯ ಮುಖ ಕಪ್ಪಿಟ್ಟಿತ್ತು. ಹೊಟ್ಟೆಕಿಚ್ಚು ಬೇರೆಯವರ ಮುಖದ ಮೇಲೆ ಇಷ್ಟು ಚೆನ್ನಾಗಿ ಕಾಣುತ್ತದೆಂದು ಸ್ಟ್ಯಾನನಿಗೆ ಈವರೆಗೆ ಗೊತ್ತಿರಲಿಲ್ಲ.

ಡೀನ್ ಮೈಕಿನ ಮುಂದೆ ನಿಂತಳು.

"ನಿಮಗೆ ಇದು ಇಷ್ಟ ಆಗಲ್ಲ ಅಂತ ಗೊತ್ತು. ಆದ್ದರಿಂದಲೇ ಎಲ್ಲರೂ ತಿಂದು ಕುಡಿದಾದ ಮೇಲೆ ಹೇಳ್ತಾ ಇದ್ದೀನಿ. ಅಪ್ಪ, ಅಮ್ಮ, ತಾತ ಇಲ್ಲಿ ಓದಿದ್ರು ಅಂತ ಮಕ್ಕಳಿಗೆ ಕೊಡ್ತಾ ಇದ್ದ ಆದ್ಯತೆ ಈ ವರ್ಷದಿಂದ ಇಲ್ಲ."

ಡೇರೆಯಲ್ಲಿ ಬಾಯಿಗೆ ಹೊರಟಿದ್ದ ಸ್ಟ್ರಾಬೆರಿಗಳೆಲ್ಲ ದಾರಿಯಲ್ಲೇ ನಿಂತವು. ಸ್ಟ್ಯಾನನಿಗೆ ಎದ್ದು ಕುಣಿಯಬೇಕೆನಿಸಿತು. ಬೇಕು ಹಾಲ್ಸಿಗೆ! ಚೆನ್ನಾಗಾಯಿತು ಮೂರನೆಯವನಿಗೆ!

"ಆ ಜಾಗಗಳನ್ನ," ಎಂದು ಡೀನ್ ಮುಂದುವರಿಸಿದಳು, "ತಂದೆ ತಾಯಿ ಇಬ್ಬರೂ ಕಾಲೇಜು ಮುಗಿಸದ ಮನೆಗಳ ಮಕ್ಕಳಿಗೆ ಮೀಸಲಿಡ್ತೀವಿ. ಮನೆಯಲ್ಲಿ ಮೊದಲು ಪದವಿ ಪಡೆಯೋ ಮಕ್ಕಳಿಗೆ."

ಸ್ಟ್ಯಾನನ ಕಿವಿಗೆ ಈ ಮಾತು ಬಿದ್ದು, ತಲೆಗೆ ಹತ್ತಿ, ಅಲ್ಲಿಂದ ಹೊಟ್ಟೆಗೆ ಇಳಿಯಲು ಕೊಂಚ ಸಮಯ ಬೇಕಾಯಿತು. ತಂದೆ ತಾಯಿ ಇಬ್ಬರೂ. ಹಾಸಿಗೆ ಅಂಗಡಿ, ಕೂದಲ ಅಂಗಡಿ. ಅಂದರೆ ನಮ್ಮ ನೀನಾ! ಅವನು ಕೂಗಲು ಬಾಯಿ ತೆರೆದ. ಬಝ್ ಅವನ ಭುಜ ತಬ್ಬಿ, "ಅಳಬೇಡ ಕಣೋ ಬುಡ್ನಿಕ್. ನಿನ್ನ ಮಗಳಿಗೆ ಹೀಗಾಗಬಾರದಿತ್ತು," ಎಂದು ತಾನೇ ಅತ್ತ.

ಡೀನ್ ಮುತ್ತಿಕೊಂಡ ಜನರನ್ನು ಸರಿಸುತ್ತ ಅವರ ಬಳಿಗೆ ಬಂದಳು. "ಕ್ಷಮಿಸಿ ಮಿಸ್ಟರ್ ಬುಡ್ನಿಕ್. ನಿಮ್ಮ ಮಗಳಂಥ ಹುಡುಗೀನ ನೋಡಿ ಬಹಳ ದಿನ ಆಗಿತ್ತು. ಆದರೆ ನಿಮ್ಮ ಮಗಳನ್ನ ತಗೊಂಡ್ರೆ ನಾಳೆ ಪತ್ರಿಕೆಯೋರು, ನೋಡಿ, ಮತ್ತೆ ಹಳೇ ಮನೆತನದೋರೇ ಅಂತಾರೆ. ಇವಳು ಯಾರಾದರೂ ಹಾಸಿಗೆ ಮಾರೋನ ಮಗಳಾಗಿದ್ದಿದ್ರೆ ಇವತ್ತೇ ಜಾಗ ಗಟ್ಟಿ ಮಾಡ್ತಿದ್ದೆ."

ಸ್ಟ್ಯಾನ್ ಕೋಟು ಕಿತ್ತೆಸೆದ. "ನಾನೇ ಮೇಡಂ! ಹಾಸಿಗೆ ಮಾರೋನು ನಾನೇ! ನಾನು ಇಲ್ಲಿ ಓದಿಲ್ಲ, ಎಲ್ಲೂ ಓದಿಲ್ಲ! ಕೋಟು ಎದುರು ಮನೆಯಮ್ಮ ಕೊಟ್ಟದ್ದು!"

ಡೀನ್ ಆಯಾಸದಿಂದ ನಕ್ಕಳು. "ವೇದಿಕೆಯಿಂದ ಇಲ್ಲಿಗೆ ಬರೋಷ್ಟರಲ್ಲಿ ನಾನು ಓದೇ ಇಲ್ಲ ಅಂತ ಹೇಳಿದ ಎಷ್ಟನೆಯವರೋ ನೀವು. ಆ ಕಡೆ ಒಬ್ಬ ನ್ಯಾಯಾಧೀಶರು ತಮಗೆ ಅಕ್ಷರಾನೇ ಬರಲ್ಲ ಅಂತಿದ್ದಾರೆ."

"ಬಝ್, ನೀನಾದ್ರೂ ಹೇಳು! ನಾನು ನಿಮ್ಮ ಬ್ಯಾಚಲ್ಲಿ ಇರಲಿಲ್ಲ ಅಂತ ಹೇಳು!"

ಆಮೆಗಳು ಒಂದರ ಮುಖ ಒಂದು ನೋಡಿಕೊಂಡವು. ಈಗ ಇರಲಿಲ್ಲ ಎಂದರೆ, ಬೆಳಗಿನಿಂದ ನೆನಪಿಸಿಕೊಂಡದ್ದೆಲ್ಲ ಏನಾಯಿತು?

"ಮಗಳ ಮೇಲಿನ ಪ್ರೀತಿ ಮೇಡಂ, ಹೀಗೆಲ್ಲ ಆಡಿಸುತ್ತೆ," ಎಂದ ಬಝ್ ಗಂಭೀರವಾಗಿ. "ಇವನು ಅಪ್ಪಟ ಆಮೆ. ಆ ಹಸುವಿನಾಣೆ."

"ಬಾಲ ಹಿಡಿದದ್ದು ನಾನೇ," ಎಂದ ಇನ್ನೊಬ್ಬ.

"ಅವನು ಇರಲಿಲ್ಲ ಅಂದ್ರೆ ನಾನ್ಯಾಕೆ ಲುಸಿಲ್‌ನ ಮದುವೆಯಾದೆ?" ಎಂದು ಚಿಪ್ ಗುಡುಗಿದ. "ನನ್ನಪ್ಪ ನಿಜ ಹೇಳ್ತಿದ್ದಾರೆ ಮೇಡಂ," ಎಂದು ನೀನಾ ಮೆಲ್ಲಗೆ ಹೇಳಿದಳು. ಡೀನ್ ಅವಳ ತಲೆ ಸವರಿ, "ಅಪ್ಪನ್ನ ಬಿಟ್ಟುಕೊಡಲ್ಲ, ಒಳ್ಳೆ ಹುಡುಗಿ," ಎಂದಳು.

ಆಗ ಹುಂಜಗಳ ಗುಂಪನ್ನು ಸೀಳಿಕೊಂಡು ಹಾಲ್ಸಿ ಬಂದ. ಮಗನನ್ನು ತೋಳು ಹಿಡಿದು ಎಳೆದುಕೊಂಡೇ ಬಂದ.

"ಡೀನ್ ಅವರೇ, ನಾನೂ ಮುಗಿಸಿಲ್ಲ."

"ನೀವೂನಾ ಮಿಸ್ಟರ್ ಬ್ರಾಡ್‌ವೆಲ್?"

"ನನ್ನ ಬ್ಯಾಚಿನೋರನ್ನೇ ಕೇಳಿ. ಎರಡನೇ ವರ್ಷದ ನಡುವಲ್ಲೇ ನನ್ನ ಹೊರಗೆ ಹಾಕಿದ್ರು. ಈ ವಿಶ್ವವಿದ್ಯಾಲಯದ ಅಧ್ಯಕ್ಷರ ಕಾರು ಓಡಿಸಿ ಕೊಳಕ್ಕೆ ಇಳಿಸಿದ್ದೆ."

ಹುಂಜಗಳು ಹೋ ಎಂದು ನಕ್ಕವು. ಹೌದು ಹೌದು, ಅಧ್ಯಕ್ಷರೂ ಒಳಗೇ ಇದ್ದರು ಎಂದು ಸಾಕ್ಷಿ ನುಡಿದವು. ಆ ಕಾಲದ ತೋಟದ ಮೇಲ್ವಿಚಾರಕರು, ಈಗ ನಿವೃತ್ತರು, ಅಲ್ಲೇ ಕೂತು ಸ್ಟ್ರಾಬೆರಿ ತಿನ್ನುತ್ತಿದ್ದವರು, ಆ ಕೊಳದ ಮೀನುಗಳಿಗಾಗಿ ಇವತ್ತಿಗೂ ನಿಟ್ಟುಸಿರು ಬಿಟ್ಟರು. ಬಿಟ್ಸಿಯೂ ಮುಂದೆ ಬಂದು, ತಾನು ಕಾಲೇಜು ಬಿಟ್ಟು ಇವನ ಹಿಂದೆ ಓಡಿಬಂದದ್ದನ್ನು ನಾಚಿಕೊಳ್ಳುತ್ತ ಹೇಳಿದಳು.

"ಮತ್ತೆ ಪ್ರತಿ ವರ್ಷ ಕೋಟು ಹಾಕ್ಕೊಂಡು ಮೆರೀತಿದ್ದೆಯಲ್ಲೋ!" ಎಂದ ಸ್ಟ್ಯಾನ್.

"ಸೇರಿದವರಿಗೆಲ್ಲ ಕೋಟು ಕೊಡ್ತಾರೆ ಕಣಯ್ಯ. ಮುಗಿಸಿದವರಿಗೆ ಮಾತ್ರ ಅಂತ ಯಾರು ಹೇಳಿದ್ರು?"

ಡೀನ್ ಹಾಲ್ಸಿಯ ಕೈ ಕುಲುಕಿದಳು. ಇಷ್ಟು ಜನರ ಮುಂದೆ ಇಂಥ ಸತ್ಯ ಹೇಳಲು ಎದೆಗಾರಿಕೆ ಬೇಕು ಎಂದಳು. ಆಮೇಲೆ ನಾಲ್ಕನೆಯವನತ್ತ ತಿರುಗಿ, "ಹಾಗಾದ್ರೆ ನಿಮ್ಮ ಮನೇಲಿ ಪದವಿ ಪಡೆಯೋ ಮೊದಲನೆಯವನು ನೀನೇ," ಎಂದಳು.

"ಇಲ್ಲ ಮೇಡಂ, ನಾನು ನಾಲ್ಕನೆಯವನು," ಎಂದ ಹುಡುಗ. ಹಾಲ್ಸಿ ಅವನ ಪಾದ ಮೆಟ್ಟಿದ. ತಾತನ ಪದವಿ ಹೊಸ ನಿಯಮದ ಲೆಕ್ಕಕ್ಕೆ ಬರುತ್ತಿರಲಿಲ್ಲ, ತಂದೆ ತಾಯಿಯದು ಮಾತ್ರ.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರೆ. ಸ್ಟ್ಯಾನನದು ಇನ್ನೂ ದೊಡ್ಡ ಪಾಡು. ಬಾಯಿಗೇ ಬಂದಿದ್ದ ತುತ್ತನ್ನು ತಾನೇ ಉಗುಳಿ ಪಕ್ಕದ ಮನೆಯವನ ತಟ್ಟೆಗೆ ಹಾಕಿದ್ದ. ಮನೆ ಮುಟ್ಟಿದ ಮೇಲೆ ನೀನಾ, "ಅರ್ಜೀಲಿ ನಾನು ನಿಜಾನೇ ಬರೀತೀನಿ ಅಪ್ಪ," ಎಂದಳು. ಬರೆದರೆ, ಆಮೆ ಕೋಟಿನವನ ಮಗಳು ಸುಳ್ಳು ಬರೆದಿದ್ದಾಳೆ ಎಂದು ಡೀನ್ ಅಂದುಕೊಳ್ಳುತ್ತಾಳೆ. ಆ ಹೆಸರು ಮರೆಯಲ್ಲ ಎಂದು ಅವಳೇ ಹೇಳಿದ್ದಾಳೆ. ಇದು ಅಪ್ಪನಿಗೂ ಗೊತ್ತಿತ್ತು, ಮಗಳಿಗೂ ಗೊತ್ತಿತ್ತು. ಸ್ಟ್ಯಾನನಿಗೆ ನಾಚಿಕೆಯಿಂದ ಮಗಳ ಮುಖ ನೋಡಲಾಗಲಿಲ್ಲ. ಕೋರಾ ನಡೆದದ್ದೆಲ್ಲ ಕೇಳಿ, ಬೈಯಲು ಎಲ್ಲಿಂದ ಶುರುಮಾಡುವುದೆಂದು ತಿಳಿಯದೆ ಕಾಫಿ ಕುಡಿದಳು.

ಸಂಜೆ ಸ್ಟ್ಯಾನ್ ಹಿತ್ತಲಲ್ಲಿ ಕೂತಿದ್ದ. ಬೇಲಿಯ ಮೇಲೆ ಹಾಲ್ಸಿಯ ತಲೆ ಮೂಡಿತು. ಕೋಟಿರಲಿಲ್ಲ. ಹಳೆಯ ಬನಿಯನ್ ಒಂದನ್ನು ಎಲ್ಲಿಂದಲೋ ಹುಡುಕಿ ಹಾಕಿಕೊಂಡಿದ್ದ. ಕಾರಿನ ಗಾಜಿನ ಮೇಲಿನ ಹೆಸರನ್ನೂ ಆಗಲೇ ಕೆರೆದು ತೆಗೆದಾಗಿತ್ತು.

"ಸ್ಟ್ಯಾನ್, ಕೋಪ ಇಲ್ಲ ತಾನೇ? ಒಂದು ಸಣ್ಣ ಸಹಾಯ ಆಗಬೇಕಿತ್ತು ಕಣಯ್ಯ. ನಮ್ಮ ಹುಡುಗ ಅರ್ಜಿ ಜೊತೆ ಒಂದು ಪ್ರಬಂಧ ಬರೀಬೇಕಂತೆ. ಕಷ್ಟದಿಂದ ಮೇಲೆ ಬಂದ ಮನೆತನದ ಕತೆ. ನಮ್ಮ ಮನೇಲಿ ಹುಡುಕಿ ಹುಡುಕಿ ಸಾಕಾಯ್ತು, ಒಂದು ಕಷ್ಟಾನೂ ಸಿಗ್ತಾ ಇಲ್ಲ. ಒಂದು ವರ್ಷ ದೋಣಿ ಮಾರಿದ್ವಿ ಅನ್ನೋದು ಬಿಟ್ರೆ."

ಸ್ಟ್ಯಾನ್ ಮುಖ ಆ ಕಡೆ ತಿರುಗಿಸಿದ.

"ನಿಮ್ಮಜ್ಜನ ವಿಷಯ ನೀನು ಕೂಗಾಡೋದು ಬೇಲಿಯಾಚೆಗೂ ಕೇಳಿಸುತ್ತಿತ್ತು. ಗಿರಣಿಯಲ್ಲಿ ಬೆರಳು ಕಳಕೊಂಡ್ರಲ್ಲ, ಎಷ್ಟು ಬೆರಳು?"

"ಎರಡು," ಎಂದ ಸ್ಟ್ಯಾನ್. ತನಗೆ ತಿಳಿಯದೆಯೇ ಬಾಯಿಂದ ಬಂದುಬಿಟ್ಟಿತು.

"ಎರಡು!" ಹಾಲ್ಸಿ ಬೇಲಿಯ ಮೇಲೆ ಗಲ್ಲವಿಟ್ಟು, ಒಳಗಿನಿಂದ ಬಂದ ಉಸಿರೊಂದನ್ನು ಉದ್ದಕ್ಕೆ ಬಿಟ್ಟ. ಅವನ ಕಣ್ಣಿನಲ್ಲಿದ್ದ ಕಿಚ್ಚು ಯಾವುದೆಂದು ಸ್ಟ್ಯಾನನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ತನ್ನ ಕನ್ನಡಿಯಲ್ಲಿ ದಿನವೂ ನೋಡಿದ್ದೇ ಅದು. ಪಕ್ಕದ ಮನೆಯವನ ಕಣ್ಣಿನಲ್ಲಿ ಅದನ್ನು ಒಮ್ಮೆ ನೋಡಿದರೆ ಸಾಕೆಂದು ಅವನು ಎಷ್ಟು ವರ್ಷ ಹಂಬಲಿಸಿದ್ದ!

"ನಿನ್ನ ನೋಡಿದ್ರೆ ಹೊಟ್ಟೆ ಉರಿಯುತ್ತೆ ಕಣಯ್ಯ ಸ್ಟ್ಯಾನ್," ಎಂದ ಹಾಲ್ಸಿ ಮನಸಾರೆ. "ನಮ್ಮಜ್ಜನ ಹತ್ತೂ ಬೆರಳು ಕೊನೇವರೆಗೂ ಇದ್ವು."